ಡೆಡ್ ಕ್ಯಾನ್ ಡ್ಯಾನ್ಸ್ ಜೋಡಿಯ ‘ಡಯೊನೈಸಸ್’ ಮತ್ತು ಅದರ ವಿಮರ್ಶಕರು

ಡೆಡ್ ಕ್ಯಾನ್ ಡ್ಯಾನ್ಸ್ ಎಂಬ ಸಂಗೀತ ಜೋಡಿಯ ‘ಡಯೊನೈಸಸ್’ ಆಲ್ಬಮ್ 2018ರ ನವೆಂಬರ್‌ನಲ್ಲಿ ಬಿಡುಗಡೆಯಾದಾಗ ಬಂದ ವಿಮರ್ಶೆಗಳಲ್ಲಿ ಕೆಲವನ್ನು ಈಚೆಗೆ ಮತ್ತೆ ಓದಿದೆ. ಒಟ್ಟಿನಲ್ಲಿ ಮೆಚ್ಚುಗೆಯೇ ಹೆಚ್ಚು. ಆದರೆ ಹೊಗಳಿದವರೂ ಗೊಣಗಿದವರೂ ಈ ಕೃತಿಯನ್ನು ತೂಗಿದ್ದು ಒಂದೇ ತಕ್ಕಡಿಯಲ್ಲಿ, ಮತ್ತು ಆ ತಕ್ಕಡಿ ಈ ಸಂಗೀತಕ್ಕೆ ತಕ್ಕದ್ದಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಲೀಸಾ ಜೆರಾರ್ಡ್ ಮತ್ತು ಬ್ರೆಂಡನ್ ಪೆರ್ರಿ 1981ರಲ್ಲಿ ಮೆಲ್ಬರ್ನ್‌ನಲ್ಲಿ ತಂಡ ಕಟ್ಟಿ, ಮರುವರ್ಷ ಲಂಡನ್ನಿಗೆ ಹೋದವರು. 1984ರ ಮೊದಲ ಆಲ್ಬಮ್ಮಿನ ಗಿಟಾರು, ಡ್ರಮ್ಮುಗಳ ನಾದವನ್ನು ಕೇಳಿ ಬ್ರಿಟನ್ನಿನ ಪತ್ರಿಕೆಗಳು ಅವರಿಗೆ ಗಾಥಿಕ್, ಅಂದರೆ ಕತ್ತಲು ಕವಿದ ಭಾವದ ರಾಕ್, ಎಂಬ ಹಣೆಪಟ್ಟಿ ಹಚ್ಚಿದವು. ಮುಂದೆ ಅವರ ಸಂಗೀತ ಯುರೋಪಿನ ಮಧ್ಯಯುಗದ ಹಾಡುಗಳ ಕಡೆಗೂ ಹಲವು ದೇಶಗಳ ಜನಪದ ಲಯಗಳ ಕಡೆಗೂ ಹರಿಯಿತು. ಹಣೆಪಟ್ಟಿ ಮಾತ್ರ ‘ನಿಯೋಕ್ಲಾಸಿಕಲ್ ಡಾರ್ಕ್‌ವೇವ್’ ಎಂದು ಉದ್ದವಾಗಿ ಅಲ್ಲೇ ಉಳಿಯಿತು. 2012ರ ‘ಅನಾಸ್ಟಾಸಿಸ್’ ಆಲ್ಬಮ್ ಆದ ಆರು ವರ್ಷಗಳ ನಂತರ ಬಂದ ‘ಡಯೊನೈಸಸ್’ನಲ್ಲಿ ಕೇಳುಗರು ಹುಡುಕಿದ್ದು ಆ ಹಳೆಯ ಕತ್ತಲನ್ನೇ, ಜೆರಾರ್ಡ್ ಅವರ ಒಂಟಿ ದನಿಯ ಆ ಎತ್ತರವನ್ನೇ.

ಸಿಕ್ಕಿದ್ದು ಬೇರೆ. ನಾಟಕದಲ್ಲಿರುವಂತೆ ಎರಡು ಅಂಕಗಳು, ಏಳು ಭಾಗಗಳು, ಒಟ್ಟು ಸುಮಾರು 36 ನಿಮಿಷ. ಅರ್ಥವಾಗುವ ಸಾಹಿತ್ಯವೇ ಇಲ್ಲ. ಮದ್ಯದ, ಉನ್ಮಾದದ ಗ್ರೀಕ್ ದೇವರು ಡಯೊನೈಸಸ್ ಸಮುದ್ರದಿಂದ ಬಂದಿಳಿಯುವಲ್ಲಿಂದ ಹಿಡಿದು ಸತ್ತವರ ಆತ್ಮಗಳಿಗೆ ದಾರಿ ತೋರುವವರೆಗಿನ ನಡೆಯನ್ನು ಪೆರ್ರಿ ಒಂದು ಆರಾಧನೆಯ ಕ್ರಮದಲ್ಲಿ ಜೋಡಿಸಿದ್ದಾರೆ. ಬಾಲ್ಕನ್ನಿನ ಚೀಲವಾದ್ಯ (ಬ್ಯಾಗ್‌ಪೈಪ್) ಗೈಡಾ, ಬಲ್ಗೇರಿಯದ ಕಮಾನು ವಾದ್ಯ ಗದುಲ್ಕಾ, ಸ್ಲೊವಾಕಿಯದ ಕುರುಬರ ಫುಯಾರಾ ಕೊಳಲು, ಇವುಗಳ ನಡುವೆ ನ್ಯೂಜಿಲೆಂಡಿನ ಜೇನುಗೂಡುಗಳ ಝೇಂಕಾರ ಮತ್ತು ಸ್ವಿಟ್ಜರ್ಲೆಂಡಿನಲ್ಲಿ ಮೇಕೆ ಕಾಯುವವರ ಸದ್ದು. ಇಂಥ ರಚನೆಯಲ್ಲಿ ‘ಹಾಡುಗಳು ಕಡಿಮೆ’ ಎಂದೋ ‘ಜೆರಾರ್ಡ್ ತಡವಾಗಿ ಬರುತ್ತಾರೆ’ ಎಂದೋ ಮಾರ್ಕು ಕಳೆಯುವುದು ನ್ಯಾಯವಲ್ಲ. ಗುಂಪಿನಲ್ಲಿ ಕರಗುವುದೇ ಆ ದೇವರ ಆರಾಧನೆಯ ತಿರುಳಾಗಿರುವಾಗ, ಒಬ್ಬ ಗಾಯಕಿಯ ದನಿ ಮುಂದೆ ನಿಲ್ಲದಿರುವುದು ಕೃತಿಯ ತರ್ಕಕ್ಕೆ ಸರಿಯಾಗಿಯೇ ಇದೆ. ಮೊದಲ ಅಂಕದ ಕೊನೆಯಲ್ಲಿ ಲಯ ಬಿಸಿಯೇರುತ್ತ ಕೂಗು, ಉಲಿಗಳು ಒಂದರ ಮೇಲೊಂದು ಬೀಳುವ ಭಾಗವನ್ನು ಹೆಡ್‌ಫೋನ್ ಹಾಕಿಕೊಂಡು ಒಮ್ಮೆ ಕೇಳಿ. ಹಿಂದಿನ ಭಾಗಗಳನ್ನು ಬಿಟ್ಟು ಅದೊಂದನ್ನೇ ಪ್ಲೇಲಿಸ್ಟಿಗೆ ಸೇರಿಸಿದರೆ ಅದರ ಅರ್ಧ ಬಲ ಹೋಗಿಬಿಡುತ್ತದೆ.

ಇಷ್ಟು ಹೇಳಿದ ಮೇಲೆ, ಕೇಳಲೇಬೇಕಾಗಿದ್ದ ಕಠಿಣ ಪ್ರಶ್ನೆಯೊಂದನ್ನು ಹೊಗಳಿದವರು ಸರಿಯಾಗಿ ಕೇಳಲಿಲ್ಲ ಎಂದೂ ಹೇಳಬೇಕು. ಇಷ್ಟೊಂದು ನಾಡುಗಳ ವಾದ್ಯಗಳು ಒಬ್ಬ ಗ್ರೀಕ್ ದೇವರ ಹೆಸರಿನಡಿ ಸೇರಿದಾಗ ಅವು ತಂತಮ್ಮ ಗುಣವನ್ನು ಉಳಿಸಿಕೊಂಡಿವೆಯೇ ಅಥವಾ ಬರಿಯ ಬಣ್ಣವಾಗಿವೆಯೇ? ‘ಮಾಂತ್ರಿಕ’, ‘ಆದಿಮ’ ಎಂಬ ವಿಶೇಷಣಗಳು ಈ ವಿಚಾರಣೆಯನ್ನು ಶುರುವಾಗುವ ಮೊದಲೇ ಮುಗಿಸಿಬಿಡುತ್ತವೆ. ನನ್ನ ಕಿವಿಗೆ ಗೈಡಾ ಎಲ್ಲಿ ಕೇಳಿದರೂ ತನ್ನ ಒರಟುತನವನ್ನು ಬಿಟ್ಟುಕೊಟ್ಟಿಲ್ಲ. ಎರಡನೆಯ ಅಂಕದ ‘ದಿ ಇನ್ವೊಕೇಶನ್’ ಭಾಗದ ಸ್ತ್ರೀವೃಂದದ ಬಗ್ಗೆ ಅದೇ ಮಾತು ಹೇಳಲಾರೆ. ಅದೇ 2018ರಲ್ಲಿ ಜೆರಾರ್ಡ್ ‘ದಿ ಮಿಸ್ಟರಿ ಆಫ್ ದಿ ಬಲ್ಗೇರಿಯನ್ ವಾಯ್ಸಸ್’ ವೃಂದದ ಜೊತೆ ‘ಬೂಚೀಮಿಶ್’ ಎಂಬ ಆಲ್ಬಮ್ಮಿನಲ್ಲೂ ಹಾಡಿದ್ದರು. ಎರಡನ್ನೂ ಒಟ್ಟಿಗಿಟ್ಟು ಕೇಳಬೇಕಾದದ್ದು ವಿಮರ್ಶಕರ ಕೆಲಸವಾಗಿತ್ತು. ಬಲ್ಗೇರಿಯದ ಹೆಂಗಸರ ಗಟ್ಟಿ ಎದೆದನಿ, ಅವರು ಅಕ್ಕಪಕ್ಕದ ಸ್ವರಗಳನ್ನು ಒಂದಕ್ಕೊಂದು ಉಜ್ಜಿ ಹಾಡುವ ರೀತಿ ‘ಬೂಚೀಮಿಶ್’ನಲ್ಲಿ ಮೈ ನಡುಗಿಸುತ್ತವೆ. ‘ಡಯೊನೈಸಸ್’ನಲ್ಲಿ ಆ ಉಜ್ಜಾಟ ನಯವಾಗಿದೆ, ಸುಂದರವಾಗಿಯೂ ಇದೆ, ಆದರೆ ಉನ್ಮಾದದ ದೇವರನ್ನು ಕರೆಯುವ ಭಾಗಕ್ಕೆ ಅಷ್ಟು ನಯ ಒಗ್ಗುವುದಿಲ್ಲ. ಇಡೀ ಆಲ್ಬಮ್ಮಿನ ನಿಜವಾದ ಕೊರತೆ ಅದೊಂದೇ ಎಂದು ನಾನು ಭಾವಿಸುತ್ತೇನೆ.