ಅರಿಯರ್ಸ್ ಲೆಕ್ಕವನ್ನು ತಿಂಗಳುವಾರು ಹಾಕಿ

ಹಿಂದಿನ ತಾರೀಖಿನಿಂದ ಸಂಬಳ ಏರಿಸಿದ ಆದೇಶ ಬಂದ ಕೂಡಲೇ ಅರಿಯರ್ಸ್‌ಗೆ, ಅಂದರೆ ಹಿಂದಿನ ತಿಂಗಳುಗಳ ಬಾಕಿ ಹಣಕ್ಕೆ, ಬಹಳ ಜನ ಹಾಕುವ ಲೆಕ್ಕ ಒಂದೇ: ಈಗಿನ ವ್ಯತ್ಯಾಸವನ್ನು ತಿಂಗಳುಗಳಿಂದ ಗುಣಿಸುವುದು. ಖಾತೆಗೆ ಬಿದ್ದ ಮೊತ್ತ ಹೆಚ್ಚುಕಮ್ಮಿ ಹೊಂದಿದರೆ ಸುಮ್ಮನಾಗಿಬಿಡುತ್ತಾರೆ. ದಯವಿಟ್ಟು ಹಾಗೆ ಬಿಡಬೇಡಿ. ಅದು ನೀವು ಆಗಲೇ ದುಡಿದು ಮುಗಿಸಿದ ಕೆಲಸದ ಹಣ.

ಬೇಕಿರುವುದು ಡ್ಯೂ-ಡ್ರಾನ್ ಪಟ್ಟಿ. ತಿಂಗಳಿಗೊಂದು ಸಾಲು, ಬರಬೇಕಾದದ್ದು, ಬಂದದ್ದು, ವ್ಯತ್ಯಾಸ ಎಂದು ಮೂರು ಕಾಲಂ. ಬಂದದ್ದನ್ನು ಆಯಾ ತಿಂಗಳ ಪೇ ಸ್ಲಿಪ್ ನೋಡಿಯೇ ತುಂಬಿ, ನೆನಪಿನಿಂದಲ್ಲ.

ಮೂಲ ವೇತನ 40,000, ಏರಿಕೆ ಶೇ 6, ಅನ್ವಯ ಜನವರಿ 16ರಿಂದ, ಹೊಸ ಸಂಬಳ ಕೈಗೆ ಬಂದದ್ದು ಸೆಪ್ಟೆಂಬರ್‌ನಿಂದ ಎಂದುಕೊಳ್ಳಿ. ತಿಂಗಳ ವ್ಯತ್ಯಾಸ 2,400. ಜನವರಿಯಲ್ಲಿ ಸಿಗುವುದು 31ರಲ್ಲಿ 16 ದಿನ, ಅಂದರೆ 1,238.71. ಹದಿನೈದೇ ದಿನ ಎಂದು ಎಣಿಸುವ ತಪ್ಪು ಇಲ್ಲಿ ಸಾಮಾನ್ಯ. 16ನೇ ತಾರೀಖೂ ಸೇರುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ 7,200. ಮೇ 1ರಂದು ಶೇ 3ರ ವಾರ್ಷಿಕ ಇಂಕ್ರಿಮೆಂಟ್ ಸಿಕ್ಕಿದ್ದರೆ ಆಗ ಕೊಟ್ಟದ್ದು ಹಳೆಯ ಮೂಲ ವೇತನದ ಮೇಲೆ: 41,200. ಬರಬೇಕಾದದ್ದು 42,400ರ ಮೇಲೆ ಶೇ 3 ಸೇರಿಸಿ 43,672. ಹಾಗಾಗಿ ಮೇನಿಂದ ವ್ಯತ್ಯಾಸ 2,472, ನಾಲ್ಕು ತಿಂಗಳಿಗೆ 9,888. ಒಟ್ಟು 18,326.71. ಜೂನ್‌ನಲ್ಲಿ ಐದು ದಿನ ಸಂಬಳವಿಲ್ಲದ ರಜೆ ಹಾಕಿದ್ದರೆ 2,472ರಲ್ಲಿ 30ಕ್ಕೆ 5ರಂತೆ 412 ಕಳೆಯಿರಿ. ಉಳಿದದ್ದು 17,914.71. ದಿನದ ಸಂಬಳಕ್ಕೆ ತಿಂಗಳನ್ನು 30ರಿಂದ ಭಾಗಿಸುತ್ತಾರೋ, ಆಯಾ ತಿಂಗಳ ದಿನಗಳಿಂದಲೋ, 26ರಿಂದಲೋ ಎಂಬುದು ಕೆಲಸದ ನಿಯಮದ ಮೇಲೆ ಹೋಗುತ್ತದೆ. ಅದನ್ನು ಮೊದಲೇ ಕೇಳಿಕೊಳ್ಳಿ.

ಇನ್ನು ಭತ್ಯೆಗಳು. ಹೆಚ್ಚು ಹಣ ಕೈತಪ್ಪುವುದು ಇಲ್ಲೇ. ಮೂಲ ವೇತನದ ಶೇಕಡಾ ಲೆಕ್ಕದಲ್ಲಿ ಕೊಡುವ ಪ್ರತಿ ಭತ್ಯೆಯೂ ಹಿಂದಿನಿಂದಲೇ ಏರಬೇಕು; ಶೇ 20ರ ಭತ್ಯೆಯೊಂದಿದ್ದರೆ ಮೇಲಿನ ಮೊತ್ತಕ್ಕೆ ಇನ್ನೂ 3,582.94 ಸೇರುತ್ತದೆ. ನಿಗದಿ ಮೊತ್ತದ ಭತ್ಯೆಗಳನ್ನು ಆದೇಶದಲ್ಲಿ ಪ್ರತ್ಯೇಕವಾಗಿ ಏರಿಸಿಲ್ಲದಿದ್ದರೆ ಮುಟ್ಟಬೇಡಿ. ಓಟಿ (ಹೆಚ್ಚುವರಿ ಹೊತ್ತಿನ ಕೆಲಸ) ದರ ಮೂಲ ವೇತನಕ್ಕೆ ಅಂಟಿಕೊಂಡಿದ್ದರೆ ಅದಕ್ಕೂ ವ್ಯತ್ಯಾಸ ಬರುತ್ತದೆ. ಆ ಅವಧಿಯಲ್ಲಿ ನಗದು ಮಾಡಿಕೊಂಡ ರಜೆಯದ್ದೂ ಅಷ್ಟೇ. ಸಾಫ್ಟ್‌ವೇರ್ ಮೂಲ ವೇತನವನ್ನಷ್ಟೇ ತಿದ್ದಿ ಇವೆರಡನ್ನೂ ಬಿಟ್ಟುಬಿಡುವುದುಂಟು.

ಒಂದೇ ಅವಧಿಯಲ್ಲಿ ಎರಡು ಏರಿಕೆಗಳಿದ್ದರೆ ಕೂಡಿಸಬೇಡಿ. ಶೇ 3, ಅದರ ಮೇಲೆ ಶೇ 2 ಎಂದರೆ 40,000 ಆಗುವುದು 42,024, 42,000 ಅಲ್ಲ. ಮಧ್ಯೆ ಮುಂಗಡವೋ ಮಧ್ಯಂತರ ಪರಿಹಾರವೋ (ಏರಿಕೆ ತೀರ್ಮಾನವಾಗುವ ತನಕ ಕೊಡುವ ತಾತ್ಕಾಲಿಕ ಹಣ) ಸಿಕ್ಕಿದ್ದರೆ ಪ್ರಾಮಾಣಿಕವಾಗಿ ಬಂದದ್ದರ ಕಾಲಂಗೆ ಬರೆಯಿರಿ. ಇಲ್ಲವಾದರೆ ಆಮೇಲೆ ವಸೂಲಿ ಮಾಡುತ್ತಾರೆ.

ಕೈಗೆ ಸಿಗುವ ಮೊತ್ತ ಇದಕ್ಕಿಂತ ಕಡಿಮೆಯೇ ಇರುತ್ತದೆ, ತೆರಿಗೆ ಮತ್ತು ಶೇಕಡಾವಾರು ಕಡಿತಗಳು ಹೋಗುತ್ತವೆ. ಆದ್ದರಿಂದ ಹೋಲಿಸುವಾಗ ಕಡಿತಕ್ಕೆ ಮುಂಚಿನ ಮೊತ್ತವನ್ನೇ ಹೋಲಿಸಿ.

ಹೊಂದದಿದ್ದರೆ "ಕಡಿಮೆ ಬಂದಿದೆ" ಎಂದಷ್ಟೇ ಬರೆದರೆ ಉತ್ತರ ಬರುವುದಿಲ್ಲ. ಯಾವ ತಿಂಗಳು, ಯಾವ ಬಾಬ್ತು, ಎಷ್ಟು ವ್ಯತ್ಯಾಸ ಎಂದು ಪಟ್ಟಿಯ ಸಮೇತ ಸಂಬಳ ವಿಭಾಗಕ್ಕೆ ಬರೆದು ಅವರ ಪಟ್ಟಿಯನ್ನೂ ಕೇಳಿ. ಜೊತೆಗೆ ಈ ತಿಂಗಳ ಸ್ಲಿಪ್‌ನಲ್ಲಿ ಮೂಲ ವೇತನ 43,672 ಎಂದೇ ಇದೆಯೇ ನೋಡಿ. ಅಲ್ಲಿ ಇನ್ನೂ 42,400 ಇದ್ದರೆ ಬಾಕಿ ಮತ್ತೆ ಬೆಳೆಯುತ್ತಲೇ ಇರುತ್ತದೆ.