ತಾತ್ಕಾಲಿಕ ಮಕ್ಕಳಿಗೊಂದು ಪಠ್ಯಕ್ರಮ

ನಿರಾಶ್ರಿತರ ಮಕ್ಕಳ ವಿದ್ಯಾಭ್ಯಾಸದ ಬಗ್ಗೆ ಜಗತ್ತಿನ ಸರ್ಕಾರಗಳಿಗೆ ಕಾಳಜಿಯಿಲ್ಲವೆಂದು ದೂರುವವರು ಕಾಗದಪತ್ರಗಳನ್ನು ಓದಿದವರಲ್ಲ. ಪ್ರಾಥಮಿಕ ಶಿಕ್ಷಣದ ಮಟ್ಟಿಗೆ ನಿರಾಶ್ರಿತರನ್ನು ಸ್ವಂತ ಪ್ರಜೆಗಳಂತೆಯೇ ಕಾಣಬೇಕೆಂದು 1951ರ ನಿರಾಶ್ರಿತರ ಒಡಂಬಡಿಕೆಯ 22ನೇ ವಿಧಿ ಎಂದೋ ಹೇಳಿಬಿಟ್ಟಿದೆ. 2018ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅನುಮೋದಿಸಿದ, ನಿರಾಶ್ರಿತರ ಕುರಿತ ಜಾಗತಿಕ ಒಪ್ಪಂದವಂತೂ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಗಡಿ ದಾಟಿ ಬಂದ ಮಗು ಆದಷ್ಟು ಮಟ್ಟಿಗೆ ಮೂರು ತಿಂಗಳೊಳಗೆ ತರಗತಿಯಲ್ಲಿ ಕುಳಿತಿರಬೇಕೆಂದು ಆಶಿಸಿತು. ಈ ಒಪ್ಪಂದಕ್ಕೆ ಕಾನೂನಿನ ಬಲವಿಲ್ಲ; ಅಷ್ಟೊಂದು ದೇಶಗಳು ಅದಕ್ಕೆ ಸಂತೋಷದಿಂದ ಕೈಯೆತ್ತಿದ್ದು ಅದಕ್ಕಾಗಿಯೇ ಎಂದು ಯಾರಾದರೂ ಅಂದರೆ, ಅದನ್ನು ಕುಹಕವೆಂದು ತಳ್ಳಿಹಾಕತಕ್ಕದ್ದು.

ತೊಡಕು ಇರುವುದು ಒಂದೇ ಕಡೆ. ನಿರಾಶ್ರಿತರು ನಾಳೆಯೇ ಹಿಂದಿರುಗುತ್ತಾರೆಂದು ಆಶ್ರಯ ಕೊಟ್ಟ ಪ್ರತಿಯೊಂದು ಸರ್ಕಾರವೂ ತನ್ನ ಮತದಾರರಿಗೆ ಮಾತು ಕೊಟ್ಟಿರುತ್ತದೆ. ನಾಳೆ ಹೋಗುವವರಿಗೆ ಇವತ್ತು ಹತ್ತು ವರ್ಷಗಳ ಶಾಲೆಯನ್ನು ಕಟ್ಟಿದರೆ ಆ ಮಾತಿಗೆ ಬೆಲೆಯೆಲ್ಲಿ ಉಳಿಯುತ್ತದೆ? ಆದ್ದರಿಂದ ಮಗುವಿಗೆ ಕಲಿಸಲೂಬೇಕು, ಅದು ಇಲ್ಲಿಯೇ ಉಳಿದೀತೆಂಬ ಅನುಮಾನ ಬರುವಷ್ಟು ಕಲಿಸಲೂಬಾರದು ಎಂಬ ಸೂಕ್ಷ್ಮವಾದ ಶಿಕ್ಷಣ ಶಾಸ್ತ್ರವೊಂದು ಹುಟ್ಟಿಕೊಂಡಿದೆ.

ಈ ಶಾಸ್ತ್ರದ ಅತ್ಯುತ್ತಮ ಪ್ರಯೋಗಶಾಲೆ ಬಾಂಗ್ಲಾದೇಶದ ಕಾಕ್ಸ್ ಬಜಾರ್. 2017ರ ಆಗಸ್ಟ್ ಕೊನೆಯಿಂದ ಮ್ಯಾನ್ಮಾರ್‌ನ ರಖೈನ್ ಪ್ರಾಂತ್ಯದ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಅಲ್ಲಿಗೆ ಓಡಿಬಂದರು. ತಾನೇ ಇಕ್ಕಟ್ಟಿನಲ್ಲಿರುವ ದೇಶವೊಂದು ಅಷ್ಟು ಜನರಿಗೆ ಗಡಿ ತೆರೆದದ್ದು ಸಣ್ಣ ಮಾತಲ್ಲ. ತಮ್ಮ ಬೇಲಿಯನ್ನಷ್ಟೇ ಗಟ್ಟಿಮಾಡಿಕೊಂಡ ಶ್ರೀಮಂತ ದೇಶಗಳಿಗೆ ಇದರ ಬಗ್ಗೆ ಉಪದೇಶ ಮಾಡುವ ಹಕ್ಕಿಲ್ಲ. ಆದರೂ ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬ ಸಾಮಾನ್ಯ ತಿಳಿವಳಿಕೆಯನ್ನು ಅಲ್ಲಿನ ಆಡಳಿತ ಬಹಳ ಶ್ರಮವಹಿಸಿ ಸುಳ್ಳು ಮಾಡಲು ಹೊರಟಿತು. ಕಲಿಕೆಯ ಕೇಂದ್ರಗಳನ್ನು ಬಿದಿರಿನಲ್ಲಿ ಕಟ್ಟಬಹುದು. ಇಟ್ಟಿಗೆ, ಸಿಮೆಂಟು ಬಳಸುವಂತಿಲ್ಲ, ಏಕೆಂದರೆ ಗೋಡೆ ಗಟ್ಟಿಯಾದರೆ ವಾಸ್ತವ್ಯವೂ ಗಟ್ಟಿಯಾಗುತ್ತದೆ. ಬಾಂಗ್ಲಾದೇಶದ ಪಠ್ಯಕ್ರಮ ನಿಷಿದ್ಧ, ಬಂಗಾಳಿ ಭಾಷೆಯಲ್ಲಿ ಪಾಠವೂ ನಿಷಿದ್ಧ. ರೋಹಿಂಗ್ಯಾಗಳ ನುಡಿ ಸುತ್ತಲಿನ ಚಿತ್ತಗಾಂಗ್ ಸೀಮೆಯ ಮಾತಿಗೆ ಬಹು ಹತ್ತಿರವಾದದ್ದರಿಂದ ಮಕ್ಕಳಿಗೆ ಪಾಠ ಬೇಗ ಅರ್ಥವಾಗಿಬಿಡುವ ಅಪಾಯವಿತ್ತು.

ಕೊನೆಗೆ 2020ರ ಜನವರಿಯಲ್ಲಿ ಸರ್ಕಾರ ಉದಾರವಾಗಿ ಮ್ಯಾನ್ಮಾರ್‌ನ ಪಠ್ಯಕ್ರಮಕ್ಕೆ ಒಪ್ಪಿಗೆ ಕೊಟ್ಟಿತು. 2021ರ ನವೆಂಬರಿನಲ್ಲಿ, ಮೊದಲ ಹಂತವಾಗಿ ಹತ್ತು ಸಾವಿರ ಮಕ್ಕಳಿಗೆ, ಅದರ ಪಾಠ ಆರಂಭವಾಯಿತು. ಮೂರು ತಿಂಗಳು ಎಂದದ್ದು ನಾಲ್ಕು ವರ್ಷ ದಾಟಿತ್ತು ಅಷ್ಟೇ. ಮರಳಿ ಹೋಗುವ ಆಸೆಯಿಂದ ಅನೇಕ ರೋಹಿಂಗ್ಯಾ ತಂದೆತಾಯಿಗಳೇ ಈ ಪಠ್ಯವನ್ನು ಕೇಳಿದ್ದರೆಂಬುದು ನಿಜ, ಅವರ ಆಸೆಯನ್ನು ಗೇಲಿ ಮಾಡುವುದು ನನ್ನ ಉದ್ದೇಶವಲ್ಲ. ಗೇಲಿಗೆ ತಾನಾಗಿ ಒದಗುವುದು ವ್ಯವಸ್ಥೆ. 1982ರ ಪೌರತ್ವ ಕಾನೂನಿನಿಂದ ಯಾವ ದೇಶ ಇವರನ್ನು ತನ್ನವರಲ್ಲವೆಂದು ಹೊರಗಿಟ್ಟಿತೋ ಆ ದೇಶದ ಪುಸ್ತಕವನ್ನು, ಆ ದೇಶದ ಭಾಷೆಯಲ್ಲಿ, ಆ ದೇಶದಲ್ಲಿ ಸೈನ್ಯವು ಅಧಿಕಾರ ಕಿತ್ತುಕೊಂಡ ವರ್ಷವೇ, ಮತ್ತೊಂದು ದೇಶದ ಬಿದಿರಿನ ಕೋಣೆಯಲ್ಲಿ ಕಲಿಸಲಾಯಿತು. ಕಲಿತು ಮುಗಿಸಿದವರಿಗೆ ಪ್ರಮಾಣಪತ್ರ ಕೊಡುವವರು ಯಾರೆಂದರೆ, ಮ್ಯಾನ್ಮಾರ್ ಕೊಡುವುದಿಲ್ಲ, ಬಾಂಗ್ಲಾದೇಶವೂ ಕೊಡುವುದಿಲ್ಲ. ಈ ನಿಧಾನಕ್ಕೆ ಬೇಸತ್ತು ರೋಹಿಂಗ್ಯಾ ಶಿಕ್ಷಕರು ತಾವೇ ಶಿಬಿರದೊಳಗೆ ನಡೆಸುತ್ತಿದ್ದ ಖಾಸಗಿ ಶಾಲೆಗಳನ್ನು ಅನುಮತಿಯಿಲ್ಲವೆಂಬ ಕಾರಣಕ್ಕೆ 2021ರ ಡಿಸೆಂಬರಿನಲ್ಲಿ ಮುಚ್ಚಿಸಲು ಮಾತ್ರ ಆಡಳಿತ ತಡಮಾಡಲಿಲ್ಲ.

ಲೆಬನಾನಿನ ವಿಧಾನ ಬೇರೆ. ಅಲ್ಲಿ ಸಿರಿಯಾದ ಮಕ್ಕಳನ್ನು ಸರ್ಕಾರಿ ಶಾಲೆಗಳ ಒಳಗೇ ಬಿಟ್ಟುಕೊಂಡರು, ಆದರೆ ಲಕ್ಷಾಂತರ ಮಕ್ಕಳಿಗೆ ಪ್ರವೇಶ ಸಿಕ್ಕಿದ್ದು ಮಧ್ಯಾಹ್ನದ ಪಾಳಿಯಲ್ಲಿ. ಬೆಳಗ್ಗೆ ಸ್ವದೇಶದ ಮಕ್ಕಳು, ಅವರು ಮನೆಗೆ ಹೋದ ಮೇಲೆ ಅದೇ ಕಟ್ಟಡದ ಅದೇ ಬೆಂಚಿನ ಮೇಲೆ ಸಿರಿಯಾದವರು. ಹೀಗೆ ಒಬ್ಬರ ಮುಖವನ್ನು ಒಬ್ಬರು ನೋಡದಂತೆ ಸಹಬಾಳ್ವೆಯನ್ನು ಸಾಧಿಸಲಾಯಿತು. ವಿದೇಶಿ ದಾನಿಗಳ ಹಣದಿಂದ ಸಿರಿಯಾದ ಮಕ್ಕಳ ಶುಲ್ಕದ ಜೊತೆಗೆ ಸರ್ಕಾರಿ ಶಾಲೆಯ ಲೆಬನಾನಿ ಮಕ್ಕಳ ಶುಲ್ಕವೂ ಭರ್ತಿಯಾಗುತ್ತಿತ್ತು ಎಂಬ ಸಣ್ಣ ಸಂಗತಿಯನ್ನು, ನಮ್ಮ ಮಕ್ಕಳ ಬೆಂಚನ್ನು ಪರಕೀಯರು ಕಸಿದರೆಂದು ಭಾಷಣ ಮಾಡುವವರು ಸಹಜವಾಗಿಯೇ ಮರೆಯುತ್ತಿದ್ದರು. ಮುಂದೆ ದೇಶದ ಹಣಕಾಸು ಕುಸಿದು, ಸಂಬಳದ ಬೆಲೆ ಕರಗಿಹೋಗಿ, ಬೆಳಗಿನ ಪಾಳಿಯ ಶಿಕ್ಷಕರು ಮುಷ್ಕರ ಹೂಡಿದರು. ಆಗ, 2023ರ ಜನವರಿಯಲ್ಲಿ, ಶಿಕ್ಷಣ ಇಲಾಖೆ ಮಧ್ಯಾಹ್ನದ ಪಾಳಿಯನ್ನೂ ನಿಲ್ಲಿಸಿತು. ನಮ್ಮ ಮಕ್ಕಳು ಕಲಿಯದಿರುವಾಗ ಅವರ ಮಕ್ಕಳು ಕಲಿಯುವುದು ಸರಿಯಲ್ಲ ಎಂಬುದು ಕೊಟ್ಟ ಕಾರಣ. ಲೆಬನಾನ್ 1951ರ ಒಡಂಬಡಿಕೆಗೆ ಸಹಿ ಹಾಕಿದ ದೇಶವಲ್ಲ. ಆದರೂ ಸಹಿ ಹಾಕಿದವರಿಗೆ ಎಪ್ಪತ್ತು ವರ್ಷಗಳಲ್ಲಿ ದಕ್ಕದ ಸಂಪೂರ್ಣ ಸಮಾನತೆಯನ್ನು ಅದು ಒಂದೇ ಆದೇಶದಲ್ಲಿ ಜಾರಿಗೆ ತಂದಿತು: ಯಾರೂ ಕಲಿಯುತ್ತಿರಲಿಲ್ಲ.

ಇನ್ನು ದಾನಿಗಳ ಮಾತು. ನಿರಾಶ್ರಿತರಲ್ಲಿ ಬಹುಪಾಲು ಜನರನ್ನು ಸಾಕುತ್ತಿರುವುದು ಬಡ ಹಾಗೂ ಮಧ್ಯಮ ಆದಾಯದ ದೇಶಗಳು. ಅವುಗಳಿಗೆ ಮಕ್ಕಳನ್ನು ನಿಮ್ಮ ರಾಷ್ಟ್ರೀಯ ಶಾಲೆಗಳಿಗೇ ಸೇರಿಸಿಕೊಳ್ಳಿ ಎಂದು ಬುದ್ಧಿ ಹೇಳುವುದು ಶ್ರೀಮಂತ ದೇಶಗಳು. ಹಾಗೆ ಸೇರಿಸಿಕೊಳ್ಳಲು ವರ್ಷಕ್ಕೆ ಸುಮಾರು 485 ಕೋಟಿ ಡಾಲರ್ ಬೇಕಾದೀತೆಂದು 2021ರಲ್ಲಿ ವಿಶ್ವಬ್ಯಾಂಕ್ ಮತ್ತು ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿ ಅಂದಾಜು ಮಾಡಿದವು. ಹಣ ಬರುವುದಿಲ್ಲವೆಂದಲ್ಲ, ಬರುತ್ತದೆ. ಆದರೆ ತುರ್ತು ನೆರವಿನ ಲೆಕ್ಕದಲ್ಲಿ, ವರ್ಷಕ್ಕೊಮ್ಮೆ, ಮುಂದಿನ ವರ್ಷದ ಭರವಸೆಯಿಲ್ಲದೆ ಬರುತ್ತದೆ. ಒಂದನೇ ತರಗತಿಗೆ ಸೇರಿದ ಮಗು ಮುಂದಿನ ವರ್ಷ ಎರಡನೆಯದಕ್ಕೆ ಬರುತ್ತದೆಂಬುದು ದಾನಿಗಳಿಗೆ ಪ್ರತಿವರ್ಷವೂ ಹೊಸ ತುರ್ತುಸ್ಥಿತಿ. ಪೂರ್ವ ಆಫ್ರಿಕದ ರಾಷ್ಟ್ರಗಳು 2017ರ ಡಿಸೆಂಬರಿನಲ್ಲಿ ಜಿಬೂಟಿಯಲ್ಲಿ ಸೇರಿ, 2020ರೊಳಗೆ ನಿರಾಶ್ರಿತರ ಶಿಕ್ಷಣವನ್ನು ತಮ್ಮ ರಾಷ್ಟ್ರೀಯ ಯೋಜನೆಗಳಲ್ಲಿ ಸೇರಿಸುವುದಾಗಿ ಘೋಷಿಸಿದವು. ಯೋಜನೆಯೊಳಗೆ ಸೇರಿಸುವುದು ಸುಲಭ, ಅದಕ್ಕೆ ಒಂದು ಅಧ್ಯಾಯ ಸಾಕು. ಶಾಲೆಯೊಳಗೆ ಸೇರಿಸಲು ಶಿಕ್ಷಕರಿಗೆ ಸಂಬಳ ಬೇಕು.

ಮನಸ್ಸು ಮಾಡಿದರೆ ಇದೆಲ್ಲ ಎಷ್ಟು ಸುಲಭವೆಂಬುದಕ್ಕೂ ಸಾಕ್ಷಿಯಿದೆ. 2022ರ ಫೆಬ್ರವರಿಯಲ್ಲಿ ಯುಕ್ರೇನ್ ಮೇಲೆ ದಾಳಿಯಾದಾಗ, 2001ರಿಂದ ಕಪಾಟಿನಲ್ಲಿದ್ದ ತಾತ್ಕಾಲಿಕ ರಕ್ಷಣೆಯ ನಿರ್ದೇಶನವನ್ನು ಯುರೋಪಿಯನ್ ಒಕ್ಕೂಟ ಕೆಲವೇ ದಿನಗಳಲ್ಲಿ ಹೊರತೆಗೆದು, ಮಕ್ಕಳಿಗೆ ಸರ್ಕಾರಿ ಶಾಲೆಯ ಬಾಗಿಲು ತೆರೆಯಿತು. ಅದೂ ತಾತ್ಕಾಲಿಕವೇ. ಬಿದಿರು ಮಾತ್ರ ಎಲ್ಲಿಯೂ ಬೇಕಾಗಲಿಲ್ಲ.

ಕೀನ್ಯಾದ ಮಾದರಿಯನ್ನು ಹೊಗಳದೆ ಮುಗಿಸಿದರೆ ಅನ್ಯಾಯವಾದೀತು. 1990ರ ದಶಕದ ಆರಂಭದಲ್ಲಿ ತಲೆಯೆತ್ತಿದ ದಾದಾಬ್ ಮತ್ತು ಕಾಕುಮಾ ಶಿಬಿರಗಳಲ್ಲಿ ಮಕ್ಕಳು ಕಲಿಯುವುದು ಕೀನ್ಯಾದ ಪಠ್ಯವನ್ನೇ, ಬರೆಯುವುದು ಕೀನ್ಯಾದ ರಾಷ್ಟ್ರೀಯ ಪರೀಕ್ಷೆಯನ್ನೇ. ಮಕ್ಕಳ ಸಂಖ್ಯೆ ನೂರನ್ನು ಮೀರಿದ ತರಗತಿಗಳಲ್ಲಿ ಪಾಠ ಹೇಳುವವರಲ್ಲಿ ಅನೇಕರು ಅದೇ ಶಾಲೆಗಳಲ್ಲಿ ಓದಿದ ನಿರಾಶ್ರಿತರು. ಅವರಿಗೆ ಸಿಗುವುದು ಸಂಬಳವಲ್ಲ, ಪ್ರೋತ್ಸಾಹಧನ. ಅವರು ಪೌರತ್ವದ ಪಾಠವನ್ನೂ ಮಾಡುತ್ತಾರೆ, ಹಕ್ಕುಗಳನ್ನು ಬಾಯಿಪಾಠ ಮಾಡಿಸುತ್ತಾರೆ, ಮಕ್ಕಳು ಸರಿಯಾದ ಉತ್ತರ ಬರೆದು ಅಂಕವನ್ನೂ ಪಡೆಯುತ್ತಾರೆ. ಪ್ರಶ್ನೆಪತ್ರಿಕೆ ನೈರೋಬಿಯಿಂದ ಶಿಬಿರಕ್ಕೆ ಬರುತ್ತದೆ, ಉತ್ತರಪತ್ರಿಕೆ ಶಿಬಿರದಿಂದ ಹೊರಗೆ ಹೋಗುತ್ತದೆ, ಅಂಕಪಟ್ಟಿ ಮತ್ತೆ ಮರಳುತ್ತದೆ. ಆ ಅಂಕಪಟ್ಟಿಯನ್ನು ಹಿಡಿದುಕೊಂಡು ನೈರೋಬಿಗೆ ಹೋಗಬಯಸುವ ವಿದ್ಯಾರ್ಥಿ ಮಾತ್ರ, ಶಿಬಿರದಿಂದ ಹೊರಗೆ ಕಾಲಿಡುವ ಮೊದಲು ಸಂಚಾರದ ಪಾಸಿಗೆ ಅರ್ಜಿ ಹಾಕಿ, ಹೋಗುವ ಕಾರಣವನ್ನು ಅಧಿಕಾರಿಗಳಿಗೆ ಒಪ್ಪಿಗೆಯಾಗುವಂತೆ ವಿವರಿಸಬೇಕು.