ಕೌದಿಗೆ ಯಾರ ಹೆಸರು?

ತೀರ್ಪು ಕೊಡಲು ಕುಳಿತಿದ್ದ ಹಿರಿಯ ಹೆಂಗಸು ನನ್ನ ಮಗಳು ಬಟ್ಟೆಯ ತುಂಡು ಜೋಡಿಸಿ ಹೊಲಿದ ಹೊದಿಕೆಯನ್ನು, ಅಂದರೆ ಕ್ವಿಲ್ಟನ್ನು, ಮೇಜಿನ ಮೇಲೆ ಹರವಿದವರೇ ಮಗುಚಿ ಹಾಕಿದರು. ಒಂಬತ್ತೊಂಬತ್ತು ಚೌಕ ಜೋಡಿಸಿ ಮಗಳು ಮೂರು ತಿಂಗಳು ಹೊಲಿದ ಮುಂಬದಿ ಕೆಳಗಾಯಿತು. ಹಿಂಬದಿಯ ಮೂಲೆಯಲ್ಲಿ ಅಂಗೈಯಗಲದ ಬಿಳಿ ಬಟ್ಟೆಯೊಂದನ್ನು ಹೊಲಿದಿದ್ದಳು. ಅದರ ಮೇಲೆ ಅವಳ ಹೆಸರು, ಊರು, ಇಸವಿ. ಆ ಹೆಂಗಸು ಕನ್ನಡಕ ಸರಿಮಾಡಿಕೊಂಡು ಅದನ್ನು ಓದಿ, “ಹೆಸರು ಬರೆದಿದ್ದೀಯ, ಒಳ್ಳೆಯದು ಮಾಡಿದೆ” ಎಂದು ಮಗಳ ಕೈ ಮುಟ್ಟಿದರು. ಆಮೇಲೆ ಮುಂಬದಿಗೆ ಬಂದರು. ಚೌಕದ ಮೂಲೆಗಳು ಕೂಡಿವೆಯೇ, ಅಂಚು ಸರಿಯಿದೆಯೇ ಎಂದೆಲ್ಲ ಕೇಳಿದರು.

ಇದು ನಡೆದದ್ದು ಅಮೆರಿಕದ ನೆಬ್ರಾಸ್ಕಾದ ಲಿಂಕನ್‌ನಲ್ಲಿ, ಬೇಸಿಗೆಯ ಕೌಂಟಿ ಜಾತ್ರೆಯಲ್ಲಿ. ದನ, ಕುರಿ, ಮೊಲ, ಜೋಳದ ತೆನೆಗಳ ಜೊತೆಗೆ ಮಕ್ಕಳು ಹೊಲಿದ ಕ್ವಿಲ್ಟುಗಳನ್ನೂ ಇಲ್ಲಿ ಪರೀಕ್ಷೆಗೆ ಇಡುತ್ತಾರೆ. 4-ಎಚ್ ಎಂಬ ಮಕ್ಕಳ ಸಂಘಟನೆಯಲ್ಲಿ ಕ್ವಿಲ್ಟ್ ಹೊಲಿಯುವುದಕ್ಕೆಂದೇ ಒಂದು ವಿಭಾಗವಿದೆ. ಮಗಳಿಗೆ ಕಲಿಸಿದವರು ಪಕ್ಕದ ಮನೆಯ ನಿವೃತ್ತ ಶಿಕ್ಷಕಿ.

ಅಂದು ರಾತ್ರಿ ಮಗಳು ನನ್ನ ಹಾಸಿಗೆಯ ಮೇಲಿದ್ದ ಕೌದಿಯನ್ನು, ಹಳೆ ಬಟ್ಟೆಗಳಿಂದ ಹೊಲಿದ ನಮ್ಮೂರ ಹೊದಿಕೆಯನ್ನು, ಎಳೆದುಕೊಂಡು ನಾಲ್ಕೂ ಮೂಲೆ ತಿರುವಿ ನೋಡಿದಳು. ಏನೂ ಸಿಗಲಿಲ್ಲ.

“ಅಪ್ಪಾ, ಇದನ್ನ ಹೊಲಿದೋರು ಯಾರು?”

“ನಮ್ಮ ಆಯಿ.”

“ಒಬ್ರೇನಾ?”

ಹೌದು ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಪಡಸಾಲೆಯಲ್ಲಿ ಆಯಿಯ, ಅಂದರೆ ನನ್ನ ಅಜ್ಜಿಯ, ಎದುರಿಗೆ ಕೂತಿದ್ದ ಇನ್ನೊಬ್ಬಳು ಕಣ್ಣ ಮುಂದೆ ಬಂದಳು.

ರೋಣದ ಹತ್ತಿರದ ನಮ್ಮೂರಿಗೆ ಸುಗ್ಗಿ ಮುಗಿದು ಬಿಸಿಲೇರಿದ ಮೇಲೆ ಊರೂರು ತಿರುಗುವ ಗೊಂದಲಿಗ ಸಮುದಾಯದ ಹೆಣ್ಣುಮಕ್ಕಳು ಬರುತ್ತಿದ್ದರು. ನಮ್ಮ ಮನೆಗೆ ಪ್ರತಿ ವರ್ಷ ಬರುವವಳು ಅದೇ ಒಬ್ಬಳು. ನಾಲ್ಕೈದು ದಿನ ನಮ್ಮಲ್ಲೇ ಊಟ. ಆಯಿಯ ಹಳೆಯ ಇಳಕಲ್ ಸೀರೆಯನ್ನು ಕೆಳಗೆ ಹಾಸಿ, ಅದರ ಮೇಲೆ ಅಜ್ಜನ ಧೋತರ, ಅಪ್ಪನ ಹರಿದ ಅಂಗಿ, ನಮ್ಮ ಚಡ್ಡಿಗಳನ್ನು ಬಿಚ್ಚಿ ಹರವಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸುತ್ತಿದ್ದರು. ಮೂಲೆಗಳಿಗೆ ಗುಳೇದಗುಡ್ಡದ ಖಣವೇ ಆಗಬೇಕು. ಅಂಚಿನಿಂದ ಶುರು ಮಾಡಿ ಸುತ್ತಿ ಸುತ್ತಿ ಹೊಲಿಯುತ್ತ ನಡುವಿಗೆ ಬರುವುದು. ಆಯಿ ಒಂದು ಕಡೆಯಿಂದ, ಅವಳು ಇನ್ನೊಂದು ಕಡೆಯಿಂದ. ಆಯಿಗೆ ಕಣ್ಣು ಮಂಜಾಗಿದ್ದರಿಂದ ಸೂಜಿಗೆ ದಾರ ಪೋಣಿಸುವ ಕೆಲಸ ನನ್ನದು. ಆರು ಸೂಜಿಗೆ ಪೋಣಿಸಿ ಚಾಪೆಗೆ ಸಾಲಾಗಿ ಚುಚ್ಚಿಟ್ಟು ಆಡಲು ಓಡಿಹೋಗುತ್ತಿದ್ದೆ. ದಾರ ಮುಗಿದರೆ ಹಿತ್ತಲಿನವರೆಗೆ ಕೂಗು ಬರುತ್ತಿತ್ತು.

ಆ ಕೌದಿಯ ಅರ್ಧ ಟಾಕಿ, ಅರ್ಧ ಹೊಲಿಗೆ, ಅವಳವು. ನನಗೆ ಅವಳ ಹೆಸರು ಗೊತ್ತಿಲ್ಲ. ಮರುದಿನ ಅವ್ವನಿಗೆ ಫೋನ್ ಮಾಡಿ ಕೇಳಿದೆ.

“ಆಕೀನಾ? ಕೌದ್ಯಾಕಿ ಅಂತಿದ್ವಿ. ಹೆಸರು ಯಾರು ಕೇಳಿದ್ರಪ್ಪಾ.”

ಹತ್ತಾರು ವರ್ಷ ನಮ್ಮ ಮನೆಯ ರೊಟ್ಟಿ ತಿಂದವಳು, ನಮ್ಮ ಮನೆಯ ಮಕ್ಕಳೆಲ್ಲ ಹೊದ್ದು ಮಲಗಿದ್ದನ್ನು ಹೊಲಿದವಳು. ಅವಳಿಗೆ ಜೋಳ ಕೊಟ್ಟೆವು, ಹಳೆ ಸೀರೆ ಕೊಟ್ಟೆವು, ರೊಕ್ಕವನ್ನೂ ಕೊಟ್ಟೆವು. ಹೆಸರು ಮಾತ್ರ ಕೇಳಲಿಲ್ಲ. 2011ರಲ್ಲಿ ಊರು ಬಿಟ್ಟು ಬಂದವನು ನಾನು. ಇಲ್ಲಿಯ ಮೊದಲ ಚಳಿಗಾಲದಲ್ಲಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿಳಿದ ರಾತ್ರಿಗಳನ್ನು ಇದೇ ಕೌದಿಯಲ್ಲಿ ಕಳೆದಿದ್ದೇನೆ. ಆದರೂ ನನಗೆ ಆ ಪ್ರಶ್ನೆ ಹೊಳೆಯಲಿಲ್ಲ. ಹೊಳೆದದ್ದು ಇಲ್ಲೇ ಹುಟ್ಟಿದ ಹನ್ನೊಂದು ವರ್ಷದ ಹುಡುಗಿಗೆ.

ಇಲ್ಲಿಯವರು ಕ್ವಿಲ್ಟಿಗೆ ಕೊಡುವ ಮರ್ಯಾದೆ ನೋಡಿದಾಗಲೆಲ್ಲ ನನಗೆ ಹೊಟ್ಟೆಕಿಚ್ಚಾಗುತ್ತದೆ. ಗುರುವಾರ ಸಂಜೆ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಇಪ್ಪತ್ತು ಮೂವತ್ತು ಜನ ಸೇರುತ್ತಾರೆ. ಒಬ್ಬೊಬ್ಬರಾಗಿ ತಮ್ಮದನ್ನು ಎತ್ತಿ ಹಿಡಿದು ಮೊಮ್ಮಗನ ಮದುವೆಗೆ, ಕ್ಯಾನ್ಸರಾದ ಗೆಳತಿಗೆ, ಯುದ್ಧದಿಂದ ಬಂದ ಅಣ್ಣನಿಗೆ ಎಂದು ಹೇಳುತ್ತಾರೆ. ಉಳಿದವರು ಎದ್ದು ಹೋಗಿ ಹೊಲಿಗೆ ಮುಟ್ಟಿ ನೋಡುತ್ತಾರೆ. ಒಬ್ಬರ ಮನೆಯಲ್ಲಿ ಉಳಿದ ಬಟ್ಟೆ ಇನ್ನೊಬ್ಬರ ಚೀಲ ಸೇರುತ್ತದೆ. ಗಂಡಸರೂ ಇಬ್ಬರು ಬರುತ್ತಾರೆ. ಈಗ ನನ್ನನ್ನು ಸೇರಿಸಿ ಮೂವರು.

ನಮ್ಮ ಮನೆಯಿಂದ ಹದಿನೈದು ನಿಮಿಷದ ದಾರಿಯಲ್ಲಿ ಅಂತಾರಾಷ್ಟ್ರೀಯ ಕ್ವಿಲ್ಟ್ ಮ್ಯೂಸಿಯಂ ಇದೆ. 1997ರಲ್ಲಿ ಆರ್ಡಿಸ್ ಮತ್ತು ರಾಬರ್ಟ್ ಜೇಮ್ಸ್ ಎಂಬ ದಂಪತಿ ತಮ್ಮ ಸುಮಾರು 950 ಕ್ವಿಲ್ಟುಗಳನ್ನು ಇಲ್ಲಿಯ ವಿಶ್ವವಿದ್ಯಾಲಯಕ್ಕೆ ಕೊಟ್ಟದ್ದರಿಂದ ಶುರುವಾದದ್ದು. ಈಗಿರುವ ಕಟ್ಟಡ 2008ರದು. ಒಳಗೆ ಬೆಳಕು ಮಂದ, ಬಣ್ಣ ಮಾಸದಿರಲೆಂದು. ಸಿಂಧ್ ಕಡೆಯ ರಲ್ಲಿ ಎಂಬ ಹೊದಿಕೆಗಳ ಸಂಗ್ರಹವೂ ಇದೆ. ಅಂಥದ್ದೊಂದರ ಮುಂದೆ ನಿಂತಾಗ ಒಂದು ಕ್ಷಣ ನಮ್ಮ ಪಡಸಾಲೆಯಲ್ಲೇ ನಿಂತ ಹಾಗಾಯಿತು.

ಅಲಬಾಮಾದ ಗೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಣ್ಣುಮಕ್ಕಳ ಕತೆ ಇನ್ನೂ ಹತ್ತಿರದ್ದು. ಹೊಲದಲ್ಲಿ ಗೇಯ್ದು ಸವೆದ ಜೀನ್ಸು, ಅಂಗಿಗಳಿಂದಲೇ ಅವರು ಕ್ವಿಲ್ಟ್ ಹೊಲಿದರು. ಗೋಡೆಯ ಸಂದಿನಿಂದ ಚಳಿಗಾಳಿ ನುಗ್ಗುವ ಮನೆಗಳಲ್ಲಿ ಮಕ್ಕಳಿಗೆ ಹೊದಿಸಲು ಹೊಲಿದವು ಅವು, ಥೇಟ್ ನಮ್ಮ ಕೌದಿಯ ಹಾಗೆ. 2002ರಲ್ಲಿ ಅವು ಹ್ಯೂಸ್ಟನ್, ನ್ಯೂಯಾರ್ಕಿನ ಮ್ಯೂಸಿಯಂಗಳ ಗೋಡೆ ಏರಿದವು. 2006ರಲ್ಲಿ ಅಮೆರಿಕದ ಅಂಚೆಚೀಟಿಗಳ ಮೇಲೆ ಬಂದವು. ಮ್ಯೂಸಿಯಂ ಗೋಡೆಯಲ್ಲಿ ಒಂದೊಂದು ಕ್ವಿಲ್ಟಿನ ಪಕ್ಕದಲ್ಲೂ ಹೊಲಿದವಳ ಹೆಸರಿತ್ತು.

ಹೆಸರಿನ ಮಾತು ಬಂದರೆ ಏಡ್ಸ್ ಕ್ವಿಲ್ಟನ್ನು ನೆನೆಯದೆ ಮುಂದೆ ಹೋಗಲಾರೆ. 1987ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿನ ನ್ಯಾಷನಲ್ ಮಾಲ್ ಬಯಲಿನಲ್ಲಿ 1,920 ತುಂಡುಗಳನ್ನು ಹಾಸಿದರು. ಒಂದೊಂದೂ ಮೂರಡಿ ಅಗಲ, ಆರಡಿ ಉದ್ದ. ಒಬ್ಬರನ್ನು ಮಣ್ಣು ಮಾಡುವಷ್ಟು ಜಾಗ. ಅದರ ಮೇಲೆ ಏಡ್ಸ್ ಬಂದು ಸತ್ತವರ ಹೆಸರು. ಮನೆಯವರೂ ಆ ಹೆಸರೆತ್ತಲು ಅಂಜುತ್ತಿದ್ದ ಕಾಲದಲ್ಲಿ ಗೆಳೆಯರು, ತಾಯಂದಿರು ಕೂತು ಬಟ್ಟೆಯ ಮೇಲೆ ಹೊಲಿದರು. ಈಗ ಆ ತುಂಡುಗಳು ಸುಮಾರು 50,000.

ಇನ್ನು ನಮ್ಮ ಮನೆಯ ಸಂಗತಿ. ಬೀಗರು ಬರುತ್ತಾರೆಂದರೆ ಮೊದಲು ಒಳಗೆ ಹೋಗುವುದೇ ಕೌದಿ. ಸೊಲ್ಲಾಪುರದ ಚಾದರ, ಪ್ಲಾಸ್ಟಿಕ್ ಚೀಲದಲ್ಲಿಟ್ಟ ಮಿಂಕ್ ರಗ್ಗು ಹೊರಗೆ. ಹೋದ ಸಲ ಊರಿಗೆ ಹೋದಾಗ ನಮ್ಮ ಮನೆಯ ಎರಡನೆಯ ಕೌದಿ ಟ್ರ್ಯಾಕ್ಟರಿನ ಸೀಟಿನ ಮೇಲಿತ್ತು. ಅದು ನನ್ನ ತಂಗಿಯ ತೊಟ್ಟಿಲಿಗೆ ಹಾಸಿದ್ದು. ಎಣ್ಣೆ ಹಿಡಿದು ಕರ್ರಗಾಗಿತ್ತು. ಹಳೆ ಸೀರೆಗಳೆಲ್ಲ ಎಲ್ಲಿ ಎಂದರೆ ವೈನಿ, ಅಣ್ಣನ ಹೆಂಡತಿ, ಅಡುಗೆಮನೆಯ ಸ್ಟೀಲ್ ಡಬ್ಬಿ ತೋರಿಸಿದರು. ಪಾತ್ರೆ ಮಾರುವವಳಿಗೆ ಎಂಟು ಸೀರೆ ಕೊಟ್ಟು ತೆಗೆದುಕೊಂಡದ್ದು. ಅದರಲ್ಲಿ ಆಯಿಯ ಎರಡು ಇಳಕಲ್ ಸೀರೆಗಳೂ ಹೋಗಿದ್ದವು.

ನನಗೆ ಸಿಟ್ಟು ಬಂತು. ಅಣ್ಣನ ಹತ್ತಿರ ಆಡಿಯೇಬಿಟ್ಟೆ.

“ನೀ ಅಲ್ಲಿ ಕುಂತು ಹೇಳ್ತಿ. ಹರದ ಅರಿಬಿ ಹೊಚ್ಚಿಗೊಂಡ್ರ ಮಂದಿ ಏನಂತಾರ ಅಂತ ನಮಗ ಗೊತ್ತೈತಿ” ಎಂದ ಅಣ್ಣ.

ಮಂದಿ ಏನಂತಾರೆ ಎಂಬ ಈ ಒಂದು ಮಾತಿನ ಕೆಳಗೆ ನಮ್ಮ ಎಷ್ಟೋ ಒಳ್ಳೆಯ ಕೈಕೆಲಸ ಮಣ್ಣಾಗಿದೆ. ಕೌದಿ ಬಡತನದ ಗುರುತು, ರಗ್ಗು ಸಿರಿತನದ ಗುರುತು ಎಂದು ಯಾರೋ ನಮ್ಮ ತಲೆಯಲ್ಲಿ ತುಂಬಿದರು, ನಾವು ನಂಬಿದೆವು. ಇದೇ ಕೌದಿಯನ್ನು ಬೆಂಗಳೂರಿನ ಅಂಗಡಿಗಳಲ್ಲಿ ಸಾವಿರಾರು ರೂಪಾಯಿಗೆ ಮಾರುತ್ತಿದ್ದಾರೆ, ಕೊಳ್ಳುವವರೂ ಇದ್ದಾರೆ. ಅಂಥ ಒಂದು ಕೌದಿಯ ಚೀಟಿಯನ್ನು ತಿರುವಿ ನೋಡಿದೆ. ಅಂಗಡಿಯ ಹೆಸರಿತ್ತು, ಬೆಲೆ ಇತ್ತು, ಒಗೆಯುವ ಕ್ರಮವಿತ್ತು. ಹೊಲಿದವಳ ಹೆಸರು ಅಲ್ಲಿಯೂ ಇರಲಿಲ್ಲ.

ಹೋದ ವರ್ಷದಿಂದ ಶನಿವಾರ ಮಧ್ಯಾಹ್ನ ನಮ್ಮ ಮನೆಯಲ್ಲೇ ನಾಲ್ಕು ಕನ್ನಡ ಕುಟುಂಬಗಳು ಕೂಡುತ್ತೇವೆ. ಮಂಡ್ಯದ ಗೆಳತಿಯೊಬ್ಬಳು ಕೌದಿ ಎಂಬ ಮಾತಿಗೆ ಮೊದಲು ಹುಬ್ಬೇರಿಸಿದಳು. ಮುಟ್ಟಿ ನೋಡಿದವಳೇ, “ಅಯ್ಯೋ, ಇದು ಬೊಂತೆ ಕಣೋ! ನಮ್ಮಜ್ಜಿ ಮನೇಲಿತ್ತು” ಎಂದಳು. ಪಕ್ಕದ ಮನೆಯ ಶಿಕ್ಷಕಿಯೂ ಬರುತ್ತಾರೆ, ಮಂಡಕ್ಕಿ ಒಗ್ಗರಣೆ ಅವರಿಗೆ ಬಹಳ ಇಷ್ಟ. ಮಕ್ಕಳು ಸೂಜಿ ಪೋಣಿಸುತ್ತಾರೆ, ಜಗಳಾಡುತ್ತಾರೆ. ಅಡುಗೆಮನೆಯಲ್ಲಿ ಯಾರೋ ಚಹಾಕ್ಕಿಡುತ್ತಾರೆ. ಅಷ್ಟು ಹೊತ್ತು ಯಾರ ಕೈಯಲ್ಲೂ ಫೋನ್ ಇರುವುದಿಲ್ಲ.

ಒಂದು ಶನಿವಾರ ಹಾಸನದ ಗೆಳತಿ ಚೀಲವೊಂದನ್ನು ತಂದು ಮೇಜಿನ ಮೇಲಿಟ್ಟು ಸುಮ್ಮನೆ ಕೂತಳು. ಅವಳ ತಾಯಿ ತೀರಿಕೊಂಡು ಆರು ತಿಂಗಳಾಗಿತ್ತು. ಒಳಗೆ ತಾಯಿಯ ಐದು ಕಾಟನ್ ಸೀರೆಗಳು. ಹಚ್ಚನೆಯ ಒಂದು ಸೀರೆಯ ಸೆರಗಿನಲ್ಲಿ ಅರಿಸಿನದ ಕಲೆ ಇನ್ನೂ ಇತ್ತು. ಇಲ್ಲಿಯ ಪದ್ಧತಿಯಂತೆ ಅಳತೆಪಟ್ಟಿ ಇಟ್ಟು, ಉರುಳುವ ಕತ್ತರಿಯಿಂದ ಚೌಕ ಚೌಕವಾಗಿ ಕೊಯ್ಯಬೇಕು. ಅವಳಿಗೆ ಆಗಲಿಲ್ಲ. ಕತ್ತರಿ ಹಿಡಿದು ಎರಡು ಸಲ ಕೆಳಗಿಟ್ಟಳು. ನಾನೂ ಏನು ಹೇಳಬೇಕೆಂದು ತಿಳಿಯದೆ ನಿಂತಿದ್ದೆ. ಆಗ ನನಗೆ ಆಯಿಯ ಕೈ ನೆನಪಾಯಿತು. ಆಯಿ ತಳದ ಸೀರೆಯನ್ನು ಎಂದೂ ಕೊಯ್ಯುತ್ತಿರಲಿಲ್ಲ. ಇಡಿಯಾಗಿ ಮಡಚಿ ಹಾಸುತ್ತಿದ್ದಳು. ಹರಿದದ್ದು ಒಳಗೆ, ಗಟ್ಟಿಯಿದ್ದದ್ದು ಹೊರಗೆ. “ಕೊಯ್ಯಬೇಡ, ಹಾಗೇ ಹಾಸು” ಎಂದೆ. ಐದೂ ಸೀರೆ ಒಂದರ ಮೇಲೊಂದು ಮಲಗಿದವು. ಅಂಚಿನಿಂದ ಹೊಲಿಯುತ್ತ ಬಂದೆವು.

ಆ ದಿನದಿಂದ ನನ್ನ ಮಾತಿನ ಬಿರುಸು ಸ್ವಲ್ಪ ತಗ್ಗಿದೆ ಎಂದು ಒಪ್ಪಿಕೊಳ್ಳಬೇಕು. ಇಲ್ಲಿ ಕ್ವಿಲ್ಟಿಗೆಂದು ಗಜಕ್ಕೆ ಹತ್ತು ಡಾಲರಿಗಿಂತ ಹೆಚ್ಚು ಕೊಟ್ಟು ಹೊಸ ಬಟ್ಟೆ ತರುತ್ತಾರೆ, ಅದನ್ನು ಕತ್ತರಿಸುತ್ತಾರೆ, ಮತ್ತೆ ಕೂಡಿಸುತ್ತಾರೆ. ಒಳಗೆ ಹಾಕುವ ಹತ್ತಿಯ ಪದರವನ್ನೂ ಕೊಂಡು ತರುತ್ತಾರೆ. ಎಷ್ಟೋ ಕ್ವಿಲ್ಟುಗಳ ಕೆಳಗೆ ಯಾರೂ ಮಲಗುವುದಿಲ್ಲ. ನಮ್ಮ ಕೌದಿಯಲ್ಲಿ ಕೊಂಡು ತಂದದ್ದು ದಾರವೊಂದೇ. ಹೆಸರು ಬರೆಯದಿದ್ದರೂ ಮನೆಯವರೆಲ್ಲ ಅದರಲ್ಲಿರುತ್ತಿದ್ದರು. ಆ ನೀಲಿ ತುಂಡು ಚಿಗವ್ವನ ಕುಬಸದ್ದು, ಈ ಗೆರೆಯದು ಅಜ್ಜ ಮುಂಡರಗಿ ಜಾತ್ರೆಗೆ ಹೊಲಿಸಿದ ಅಂಗಿ ಎಂದು ಮಲಗುವಾಗ ಬೆರಳಿಟ್ಟು ತೋರಿಸುತ್ತಿದ್ದರು. ಅಕ್ಷರ ಬಾರದ ಆಯಿ ಹೆಸರನ್ನು ಎಲ್ಲಿಂದ ಬರೆಯಬೇಕಿತ್ತು?

ಆ ಗೊಂದಲಿಗರ ಹೆಣ್ಣುಮಗಳ ಮಗಳೋ ಮೊಮ್ಮಗಳೋ ಇಂದು ಗದಗಿನ ಯಾವುದೋ ಶಾಲೆಯಲ್ಲಿ ಪಾಠ ಹೇಳುತ್ತಿರಬಹುದು. ಹಾಗಿದ್ದರೆ ಕೌದಿ ಹೊಲಿಯುವವರು ಸಿಗುವುದಿಲ್ಲ ಎಂದು ನಾನು ಗೋಳಿಡುವುದು ನ್ಯಾಯವಲ್ಲ. ಊರೂರು ತಿರುಗಿ ಪರರ ಪಡಸಾಲೆಯಲ್ಲಿ ಸೊಂಟ ಬಗ್ಗಿಸಿ ಕೂತು ಹೊಲಿದದ್ದು ಅವಳ ಹವ್ಯಾಸವಾಗಿರಲಿಲ್ಲ. ಶನಿವಾರದ ಬಿಡುವು ಇರುವ ನಮಗೆ ಅದು ಹವ್ಯಾಸ. ಅಣ್ಣನ ಮಾತಿನಲ್ಲಿ ಅಷ್ಟು ಸತ್ಯ ಇತ್ತು. ಆದರೂ ಹೆಸರು ಕೇಳದಿದ್ದುದಕ್ಕೆ ಬಡತನ ಕಾರಣವಲ್ಲ. ಅದನ್ನು ಮಾತ್ರ ನಾನು ಬಿಟ್ಟುಕೊಡಲಾರೆ.

ಮಗಳ ಕ್ವಿಲ್ಟಿಗೆ ನೇರಳೆ ರಿಬ್ಬನ್ ಸಿಕ್ಕಿತು, ಅತ್ಯುತ್ತಮ ಕೆಲಸಕ್ಕೆ ಕೊಡುವುದು. ಭಾನುವಾರ ವಿಡಿಯೋದಲ್ಲಿ ಅವ್ವನಿಗೆ ತೋರಿಸಿದೆವು. ಅವ್ವ ಫೋನನ್ನು ಮೂಗಿಗೆ ಹತ್ತಿರ ತಂದು ಬಹಳ ಹೊತ್ತು ನೋಡಿದಳು. ಬಣ್ಣ ಚಂದ ಐತಿ ಅಂದಳು. ಹಿಂಬದಿಯ ಹೆಸರನ್ನು ಮೊಮ್ಮಗಳೇ ಓದಿ ಹೇಳಿದಳು.

“ಹೌದವಾ, ಛಲೋ ಆತು. ನಡುವ ಹೊಟ್ಟಿಗೆ ಏನ ಹಾಕೀದಿ?”

ಮಗಳು ನನ್ನ ಮುಖ ನೋಡಿದಳು. ಕೌದಿ ಉಪವಾಸ ಇರಬಾರದೆಂದು ಮುಚ್ಚುವ ಮುನ್ನ ಅದರ ನಡುವೆ ಹೋಳಿಗೆಯ ತುಂಡು ಇಡುವ ನಮ್ಮ ಕಡೆಯ ರೂಢಿಯನ್ನು ನಾನು ಅವಳಿಗೆ ಹೇಳಿಯೇ ಇರಲಿಲ್ಲ. ಮಷಿನ್ ಹೊಲಿಗೆ, ನಡುವೆ ಎಲ್ಲಿಯೂ ಜಾಗ ಬಿಟ್ಟಿರಲಿಲ್ಲ.

“ಏನೂ ಹಾಕಿಲ್ಲವ್ವಾ” ಎಂದೆ.

“ಉಪಾಸ ಹೊಚ್ಕೊಳ್ಳೂದೇನು ಕೂಸು?” ಅವ್ವನ ದನಿ ನಿಜಕ್ಕೂ ಕಳವಳದ್ದು. ಸ್ವಲ್ಪ ಹೊತ್ತು ಬಿಟ್ಟು, “ಮುಂದಿಂದು ಹೊಲಿಯುವಾಗ ಕೈಲೇ ಹೊಲೀರಿ. ನಡುವ ಗೇಣಗಲ ಹಾಂಗ ಬಿಡ್ರಿ. ಡಿಸೆಂಬರದಾಗ ಬರ್ತೀರಲ್ಲಾ, ತಗೊಂಡ ಬರ್ರಿ. ಹೋಳಿಗಿ ಮಾಡಿ ನಾನೇ ಮುಚ್ಚತೀನಿ” ಅಂದಳು.

ಮಗಳು ಈಗ ಎರಡನೆಯದನ್ನು ಶುರು ಮಾಡಿದ್ದಾಳೆ. ನಡುವೆ ಸೀಮೆಸುಣ್ಣದಿಂದ ಒಂದು ಚೌಕ ಗೀಚಿ, ಯಾರೂ ಅದರೊಳಗೆ ಸೂಜಿ ಹಾಕಬಾರದು ಎಂದು ಶನಿವಾರ ಬರುವವರಿಗೆಲ್ಲ ಹೇಳಿದ್ದಾಳೆ. ಹಿಂಬದಿಯ ಬಿಳಿ ಬಟ್ಟೆ ಈ ಸಲ ಎರಡು ಅಂಗೈಯಗಲ. ನಾಲ್ಕೂ ಮನೆಯವರ ಹೆಸರು ಬರೆದಿದ್ದಾಳೆ, ಶಿಕ್ಷಕಿಯದೂ ಇದೆ. ಕೊನೆಯ ಸಾಲು ಅವ್ವನಿಗೆ ಎಂದು ಖಾಲಿ ಇದೆ.